ಅಮೆರಿಕದ ಕೆಂಪು ಮಾವಿಗೆ ಟರ್ಪೆಂಟೈನ್ ವಾಸನೆ ಯಾಕೆ? ನಿಮ್ಮ ದೇಶದ ಹಣ್ಣು ಹೇಗಿದೆ ಹೇಳಿ

ಶಿರಸಿಯ_ಮಗಳು (ಡಲ್ಲಾಸ್)
ಎಲ್ಲರಿಗೂ ನಮಸ್ಕಾರ. ಅಮ್ಮ ಊರಿಂದ ಬಂದು ಒಂದು ತಿಂಗಳಾಯಿತು. ಮೇ ತಿಂಗಳಲ್ಲಿ ಮಾವಿನ ಹಣ್ಣಿಲ್ಲದೆ ಅವರಿಗೆ ಊಟವೇ ಸೇರುವುದಿಲ್ಲ. ಅದಕ್ಕೆ ಮನೆ ಹತ್ತಿರದ ಅಂಗಡಿಯಿಂದ ಆರು ಹಣ್ಣು ತಂದೆ. ನೋಡಲು ಬಹಳ ಚಂದ. ಕೆಂಪು ಕೆನ್ನೆ, ಒಂದು ಕಲೆ ಇಲ್ಲ. ಅಮ್ಮ ತೊಟ್ಟಿನ ಹತ್ತಿರ ಮೂಗಿಟ್ಟು ನೋಡಿದರು. "ಇದಕ್ಕೆ ಪರಿಮಳವೇ ಇಲ್ಲವಲ್ಲೇ" ಅಂದರು. ಎರಡು ದಿನ ಬಿಟ್ಟು ಹೆಚ್ಚಿದೆವು. ಚಾಕುವಿಗೆ ನಾರು ಸಿಕ್ಕಿಕೊಂಡಿತು. ಓಟೆಯ ಹತ್ತಿರ ಬಂದ ಹಾಗೆ ಒಂಥರಾ ಪೇಂಟಿಗೆ ಬೆರೆಸುವ ಟರ್ಪೆಂಟೈನ್ ವಾಸನೆ. ಸಿಹಿ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಆ ಸಿಹಿಗೆ ಹುಳಿಯ ಜೊತೆ ಇರಲಿಲ್ಲ.

ಮರುದಿನ ಅದೇ ಅಂಗಡಿಯಿಂದ ಸಣ್ಣ ಹಳದಿ ಹಣ್ಣು ತಂದೆ. ಸ್ಟಿಕ್ಕರ್ ಮೇಲೆ ಅಟೌಲ್ಫೊ ಅಂತ ಇತ್ತು. ಸಿಪ್ಪೆ ಸ್ವಲ್ಪ ಸುಕ್ಕಾಗುವ ತನಕ ಇಟ್ಟೆ. ಅಮ್ಮ ಒಂದೇ ಸಲಕ್ಕೆ ಮೂರು ತಿಂದರು! ನಾರಿಲ್ಲ, ಓಟೆ ತೆಳು, ಇಡೀ ಹಣ್ಣೇ ತಿರುಳು.

ಎರಡರ ಮೇಲೂ ಮೆಕ್ಸಿಕೊ ಅಂತಲೇ ಬರೆದಿತ್ತು. ಒಂದೇ ದೇಶದಿಂದ ಬಂದ ಹಣ್ಣು, ಇಷ್ಟು ವ್ಯತ್ಯಾಸ ಯಾಕೆ? ನೀವಿರುವ ಕಡೆ ಯಾವ ತಳಿ ಸಿಗುತ್ತದೆ, ರುಚಿ ಹೇಗೆ, ಬರೆಯಿರಿ. "ಆಪೂಸೇ ಶ್ರೇಷ್ಠ" ಅಂತ ಒಂದೇ ಸಾಲು ಬರೆದು ಹೋಗಬೇಡಿ ದಯವಿಟ್ಟು.

ಧಾರವಾಡದ_ಮಣ್ಣು
ಆಪೂಸೇ ಶ್ರೇಷ್ಠ ರೀ. ಒಂದೇ ಸಾಲು ಬೇಡ ಅಂದಿರಿ, ಅದಕ್ಕೆ ಎರಡನೇ ಸಾಲೂ ಬರೆಯುತ್ತೇನೆ. ರತ್ನಾಗಿರಿ, ದೇವಗಡದ ಹೆಸರು ದೊಡ್ಡದು. ಆದರೆ ನಮ್ಮ ಧಾರವಾಡದ ಆಪೂಸು ಯಾವುದಕ್ಕೂ ಕಡಿಮೆ ಇಲ್ಲ. ಮನೆಯಲ್ಲಿ ಹುಲ್ಲಿನೊಳಗೆ ಹಣ್ಣಿಗೆ ಹಾಕಿದರೆ ಓಣಿಗೆಲ್ಲ ಘಮ.

ರಸಪುರಿ_ಪ್ರೇಮಿ
ಮೈಸೂರು ಕಡೆಯವರು ಒಪ್ಪುವುದಿಲ್ಲ. ರಸಪುರಿಯ ತೊಟ್ಟು ಕಿತ್ತು ಹಾಗೇ ಹೀರಬೇಕು. ಸೀಕರಣೆ ಮಾಡಲು ಅದಕ್ಕಿಂತ ಒಳ್ಳೆ ಹಣ್ಣಿಲ್ಲ. ಬಾದಾಮಿ, ಅಂದರೆ ನಿಮ್ಮ ಆಪೂಸು, ಹೋಳು ಮಾಡಿ ತಿನ್ನಲು ಸರಿ, ರಸಕ್ಕೆ ಅದು ದಪ್ಪ ಆಯಿತು.

ಕಸಿ_ಗಿಡ
ಶಿರಸಿಯ ಅಕ್ಕ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಮೊದಲು ತಂದದ್ದು ಬಹುಶಃ ಟಾಮಿ ಅಟ್ಕಿನ್ಸ್. ಅಮೆರಿಕದ ಅಂಗಡಿಗಳಲ್ಲಿ ಕೆಂಪು ಮಾವು ಅಂದರೆ ಹೆಚ್ಚಾಗಿ ಅದೇ. ಎರಡೂ ಮೆಕ್ಸಿಕೊದಿಂದ ಬಂದರೂ ಅವುಗಳ ತವರು ಬೇರೆ ಬೇರೆ.

ಹಳದಿ ಹಣ್ಣು ಫಿಲಿಪೀನ್ಸ್ ಕಡೆಯ ಬಳಗ. 1565ರಿಂದ 1815ರ ತನಕ ಮನಿಲಾದಿಂದ ಮೆಕ್ಸಿಕೊದ ಅಕಾಪುಲ್ಕೊ ಬಂದರಿಗೆ ಸ್ಪೇನಿನ ವ್ಯಾಪಾರಿ ಹಡಗು ಓಡಾಡುತ್ತಿದ್ದವು. ಆ ದಾರಿಯಲ್ಲಿ ಬಂದ ಮಾವಿಗೆ ಅಲ್ಲಿ ಇವತ್ತಿಗೂ ಮನಿಲಾ ಅಂತಲೇ ಹೆಸರು. ಅಟೌಲ್ಫೊ ಅದೇ ಜಾತಿಗೆ ಸೇರಿದ್ದು. ಚಿಯಾಪಾಸ್ ರಾಜ್ಯದಲ್ಲಿ ಸಿಕ್ಕ ಮರ, ಅದರ ಜಾಗದ ಮಾಲೀಕರ ಹೆಸರೇ ಹಣ್ಣಿಗೆ ಬಂತು.

ಕೆಂಪು ಹಣ್ಣಿನ ಕಥೆ ನಮ್ಮ ದೇಶದಿಂದಲೇ ಶುರು. 1889ರಲ್ಲಿ ಅಮೆರಿಕದ ಕೃಷಿ ಇಲಾಖೆ ಭಾರತದಿಂದ ಮಾವಿನ ಕಸಿ ಗಿಡ ತರಿಸಿತು. ಅದರಲ್ಲಿ ಮುಲ್ಗೋಬಾ ಎಂಬ ಹೆಸರಿನ ಗಿಡ ಫ್ಲಾರಿಡಾದಲ್ಲಿ ಬದುಕಿ ಹಣ್ಣು ಕೊಟ್ಟಿತು. 1902ರಲ್ಲಿ ಕ್ಯಾಪ್ಟನ್ ಹೇಡನ್ ಎಂಬುವರು ಮುಲ್ಗೋಬಾದ ಓಟೆ ನೆಟ್ಟರು. ಅದರಿಂದ ಬಂದ ಕೆಂಪು ಕೆನ್ನೆಯ ಹಣ್ಣೇ ಹೇಡನ್. ಹೇಡನ್ ಓಟೆಯಿಂದ ಹುಟ್ಟಿದ್ದು ಟಾಮಿ ಅಟ್ಕಿನ್ಸ್. 1950ರ ದಶಕದಲ್ಲಿ ಫ್ಲಾರಿಡಾದ ಮಾವು ಬೆಳೆಗಾರರ ಕೂಟದ ಮುಂದೆ ಈ ಹಣ್ಣು ಬಂದಾಗ ನಾರು ಜಾಸ್ತಿ, ರುಚಿ ಸಾಧಾರಣ ಅಂತ ತಿರಸ್ಕರಿಸಿದರು. ಆದರೆ ಬೆಳೆಗಾರರು ಬಿಡಲಿಲ್ಲ. ಇಳುವರಿ ಚೆನ್ನಾಗಿತ್ತು, ಬಣ್ಣ ಇತ್ತು, ದೂರದ ಪ್ರಯಾಣ ತಡೆಯುತ್ತಿತ್ತು. ಅಂಗಡಿಯವರಿಗೆ ಬೇಕಾಗಿದ್ದೂ ಅಂಥದ್ದೇ ಹಣ್ಣು.

ಶಿರಸಿಯ_ಮಗಳು (ಡಲ್ಲಾಸ್)
ಅಂದರೆ ಆ ಕೆಂಪು ಹಣ್ಣಿನ ಅಜ್ಜಿ ನಮ್ಮ ಕಡೆಯವಳೇ! ಅಮ್ಮನಿಗೆ ಓದಿ ಹೇಳಿದೆ. "ಹಾಗಾದರೆ ಆ ವಾಸನೆ ಯಾರ ಕಡೆಯಿಂದ ಬಂತು ಕೇಳು" ಅಂತಿದ್ದಾರೆ.

ಕಸಿ_ಗಿಡ
ಅಪ್ಪನ ಕಡೆಯಿಂದ ಇರಬಹುದು. ಹೇಡನ್ನಿನ ಡಿಎನ್‌ಎ ನೋಡಿದಾಗ ತಾಯಿ ಮುಲ್ಗೋಬಾ, ಪರಾಗ ಕೊಟ್ಟ ಮರ ಟರ್ಪೆಂಟೈನ್ ಅಂತ ಕಂಡುಬಂದಿದೆ. ಹೌದು, ಫ್ಲಾರಿಡಾ ಮತ್ತು ಕೆರಿಬಿಯನ್ ಕಡೆಯ ಒಂದು ನಾಟಿ ಮಾವಿನ ಹೆಸರೇ ಟರ್ಪೆಂಟೈನ್. ಕಸಿ ಕಟ್ಟಲು ಬೇರುಗಿಡವಾಗಿ ಅದನ್ನು ಬಳಸುತ್ತಾರೆ. ಅಮ್ಮನ ಮೂಗು ಸರಿಯಾಗಿಯೇ ಹಿಡಿದಿದೆ.

ಪರಿಮಳ_ಪರೀಕ್ಷಕಿ
ಆಹಾರ ವಿಜ್ಞಾನ ಓದಿದವಳು, ಸ್ವಲ್ಪ ಸೇರಿಸುತ್ತೇನೆ. ಮಾವಿನ ಘಮದಲ್ಲಿ ದೊಡ್ಡ ಪಾಲು ಟರ್ಪೀನ್ ಎಂಬ ಆವಿಯಾಗುವ ಎಣ್ಣೆಗಳದ್ದು. ಯಾವ ತಳಿಯಲ್ಲಿ ಯಾವ ಟರ್ಪೀನ್ ಮುಂದಿದೆ ಅನ್ನುವುದರ ಮೇಲೆ ಆ ತಳಿಯ ಗುರುತು. ಟಾಮಿ ಅಟ್ಕಿನ್ಸ್, ಹೇಡನ್, ಕೀಟ್ ಥರದ ಫ್ಲಾರಿಡಾ ತಳಿಗಳಲ್ಲಿ ಕೆರೀನ್ ಮುಂದೆ. ಪೈನ್ ಮರದ ಅಂಟಿನಿಂದ ತೆಗೆಯುವ ಟರ್ಪೆಂಟೈನ್ ಎಣ್ಣೆಯಲ್ಲೂ ಅದೇ ಕೆರೀನ್ ಇರುತ್ತದೆ. ಹಾಗಾಗಿ ನಿಮಗೆ ಅನಿಸಿದ್ದು ಭ್ರಮೆ ಅಲ್ಲವೇ ಅಲ್ಲ.

ಆಪೂಸಿನಲ್ಲಿ ಆಸಿಮೀನ್ ಎಂಬ ಬೇರೆ ಟರ್ಪೀನ್ ಜಾಸ್ತಿ. ಅದರ ಜೊತೆಗೆ ಹಣ್ಣಾಗುವಾಗ ಲ್ಯಾಕ್ಟೋನ್, ಫ್ಯೂರನೋನ್ ಎಂಬ ಇನ್ನೆರಡು ಗುಂಪು ಏರುತ್ತವೆ. ಲ್ಯಾಕ್ಟೋನಿಗೆ ಕೆನೆ, ಪೀಚ್ ಹಣ್ಣಿನ ಛಾಯೆ. ಫ್ಯೂರನೋನಿಗೆ ಸುಟ್ಟ ಸಕ್ಕರೆಯ ಛಾಯೆ. ಆಪೂಸ್ ಕಾಯಿಯಲ್ಲಿ ಇವು ಇರುವುದಿಲ್ಲ, ಹಣ್ಣಾಗುತ್ತಾ ಬರುತ್ತವೆ. ಅದಕ್ಕೇ ಕಾಯಿ ಹುಲ್ಲಿನಲ್ಲಿ ಇಟ್ಟ ಮೇಲೆ ಒಂದು ದಿನ ಇದ್ದಕ್ಕಿದ್ದ ಹಾಗೆ ಮನೆ ತುಂಬ ಘಮ್ ಅನ್ನುವುದು. ಧಾರವಾಡದವರು ಹೇಳಿದ ಓಣಿಯ ಘಮ ಇದೇ.

ಅಪ್ಪೆಮಿಡಿ_ಸಾಗರ
ಒಂದು ನಿಮಿಷ. ಟರ್ಪೀನ್ ವಾಸನೆ ಅಂದರೆ ಕೆಟ್ಟದ್ದು ಅನ್ನುವ ಹಾಗೆ ಮಾತು ಹೋಗುತ್ತಿದೆ. ನಾನು ಒಪ್ಪುವುದಿಲ್ಲ. ಶಿರಸಿಯವರಿಗೆ ನಾನು ಹೇಳಿಕೊಡಬೇಕೇ? ಅಪ್ಪೆಮಿಡಿ ಕೊಳ್ಳುವಾಗ ನಾವು ಏನು ಮಾಡುತ್ತೇವೆ? ತೊಟ್ಟು ಮುರಿದು ಸೊನೆ ಮೂಸುತ್ತೇವೆ. ಒಂದಕ್ಕೆ ಜೀರಿಗೆ ಪರಿಮಳ, ಇನ್ನೊಂದಕ್ಕೆ ಕರ್ಪೂರದ ಪರಿಮಳ. ಸೊನೆ ಹೋಗಬಾರದು ಅಂತ ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯುತ್ತೇವೆ. ಆ ಸೊನೆಯ ಘಮ ಏನು? ಇದೇ ಟರ್ಪೀನ್ ಅಲ್ವಾ? ಉಪ್ಪಿನಕಾಯಿಯಲ್ಲಿ ವರ್ಷಗಟ್ಟಲೆ ಉಳಿಯುವ ಆ ಘಮಕ್ಕೆ ನಾವು ಎಷ್ಟು ದುಡ್ಡು ಬೇಕಾದರೂ ಕೊಡುತ್ತೇವೆ. ಅದೇ ಸಿಹಿ ಹಣ್ಣಿನಲ್ಲಿ ಬಂದರೆ ಪೇಂಟ್ ವಾಸನೆ ಅನ್ನುತ್ತೇವೆ.

ಪರಿಮಳ_ಪರೀಕ್ಷಕಿ
ನೂರಕ್ಕೆ ನೂರು ಸರಿ ಸಾಗರದವರೇ. ಮಾವಿನ ಸೊನೆಯಲ್ಲಿ ಟರ್ಪೀನ್ ತುಂಬಿರುತ್ತದೆ. ಯಾವ ಪದಾರ್ಥದಲ್ಲಿ, ಎಷ್ಟು ಹುಳಿಯ ಜೊತೆ ಬಂತು ಅನ್ನುವುದು ಮುಖ್ಯ.

ದುಬೈ_ಪುತ್ತೂರು
ಮಾವಿನ ವಿಷಯದಲ್ಲಿ ನಾವು ಗಲ್ಫಿನವರು ಪುಣ್ಯವಂತರು. ಒಂದೇ ಅಂಗಡಿಯ ಒಂದೇ ಸಾಲಿನಲ್ಲಿ ಎಷ್ಟೋ ದೇಶದ ಹಣ್ಣು ಸಿಗುತ್ತದೆ. ನನ್ನ ನಾಲಿಗೆ ಕಂಡದ್ದು ಇಷ್ಟು.

ಪಾಕಿಸ್ತಾನದ ಸಿಂಧ್ರಿ: ಉದ್ದ, ದೊಡ್ಡ, ಹಳದಿ. ಸಿಹಿ ಚೆನ್ನ, ಹುಳಿ ಬಹಳ ಕಡಿಮೆ. ಚೌನ್ಸಾ ಬರುವುದು ತಡವಾಗಿ, ಜುಲೈ ಮೇಲೆ. ಅದರ ರಸಕ್ಕೆ ಜೇನಿನ ಹಾಗೆ ಅಂಟು. ನಾಲ್ಕೈದು ಪಾಕಿಸ್ತಾನಿ ಗೆಳೆಯರು ನನ್ನ ಕೋಣೆಯಲ್ಲಿ ಕೂತು ತಣ್ಣೀರಿನ ಬಕೆಟ್ಟಿನಲ್ಲಿ ಚೌನ್ಸಾ ಮುಳುಗಿಸಿ, ಒಂದೊಂದೇ ಹಿಸುಕಿ ಹೀರುವುದನ್ನು ನೋಡಿ ನಾನೂ ಕಲಿತೆ. ಅವರು ಬಹಳ ಹೆಮ್ಮೆಪಡುವ ಅನ್ವರ್ ರಟೌಲ್ ಮೂಲದಲ್ಲಿ ಉತ್ತರ ಪ್ರದೇಶದ ರಟೌಲ್ ಊರಿನ ಹಣ್ಣು. ಆ ವಿಷಯಕ್ಕೆ ಪ್ರತಿ ವರ್ಷ ವಾದ ಆಗುತ್ತದೆ. ವಾದ ಮುಗಿಯುವಷ್ಟರಲ್ಲಿ ಹಣ್ಣೂ ಮುಗಿದಿರುತ್ತದೆ.

ಈಜಿಪ್ಟಿನ ಎವೈಸ್: ಸಣ್ಣ ಹಣ್ಣು, ಹೊರಗೆ ಹಸಿರೇ ಇರುತ್ತದೆ, ಒಳಗೆ ಕಡು ಕಿತ್ತಳೆ. ಇದನ್ನು ಕಣ್ಣು ಮುಚ್ಚಿ ಕೊಟ್ಟರೆ ನಮ್ಮ ಕಡೆಯದ್ದೇ ಅನ್ನುತ್ತೀರಿ. ಕೀನ್ಯಾದಿಂದ ಬರುವ ಎನ್ಗೋವೆ ಉದ್ದಕ್ಕೆ ಇರುತ್ತದೆ, ನಾರು ಕಡಿಮೆ.

ಇಷ್ಟೆಲ್ಲ ತಿಂದರೂ ಊರಿನ ಕಾಟು ಮಾವಿನ ಹಣ್ಣಿನ ನೆನಪು ಹೋಗುವುದಿಲ್ಲ. ಮಳೆ ಹಿಡಿಯುವ ಮೊದಲು ಮರದ ಕೆಳಗೆ ಬಿದ್ದ ಹಣ್ಣು ಆರಿಸಿ ತಂದು ಅಜ್ಜಿ ಮಾಡುತ್ತಿದ್ದ ಗೊಜ್ಜು ಯಾವ ದೇಶದಲ್ಲೂ ಇಲ್ಲ.

ಬೆಂಗಳೂರು_ಬಸವನಗುಡಿ
ಇದೆಲ್ಲ ಸರಿ, ಮೆಕ್ಸಿಕೊಕ್ಕೆ ಮಾವು ತಲುಪಿಸಿದ್ದು ಗೋವಾದ ಪೋರ್ಚುಗೀಸರಲ್ಲವೇ? ಶಾಲೆಯಲ್ಲಿ ಹಾಗೇ ಓದಿದ ನೆನಪು.

ಕಸಿ_ಗಿಡ
ಪೋರ್ಚುಗೀಸರು ಆಫ್ರಿಕಾ ಮತ್ತು ಬ್ರೆಜಿಲ್ ಕಡೆ ಒಯ್ದರು. ಮೆಕ್ಸಿಕೊದ ಹಳದಿ ಮಾವು ಮನಿಲಾ ದಾರಿಯದ್ದು. ಆದರೆ ಗೋವಾದಲ್ಲಿ ಅವರು ಮಾಡಿದ ದೊಡ್ಡ ಕೆಲಸ ಕಸಿ. ಒಳ್ಳೆಯ ಮರ ಆರಿಸಿ ಕಸಿ ಕಟ್ಟಿ ಉಳಿಸಿದರು. ಆಪೂಸಿಗೆ, ಅಂದರೆ ಅಲ್ಫಾನ್ಸೊಗೆ, ಗೋವಾ ಗೆದ್ದ ಪೋರ್ಚುಗೀಸ್ ದಂಡನಾಯಕ ಅಫೊನ್ಸೊ ಡಿ ಆಲ್ಬುಕರ್ಕ್ ಹೆಸರು ಬಂದದ್ದು ಹಾಗೆ.

ಬ್ರಿಸ್ಬೇನ್_ಹಾಸನ
ನಮ್ಮಲ್ಲಿ ಮಾವು ಅಂದರೆ ಕ್ರಿಸ್‌ಮಸ್! ಇಲ್ಲಿ ಬೇಸಿಗೆ ಆಗಲೇ ತಾನೆ. ಕ್ವೀನ್ಸ್‌ಲ್ಯಾಂಡಿನ ಬೋವೆನ್ ಊರಿನ ಹೆಸರಲ್ಲಿ ಕರೆಯುವ ಕೆನ್ಸಿಂಗ್ಟನ್ ಪ್ರೈಡ್ ಇಲ್ಲಿನವರ ಪ್ರಾಣ. ತಿರುಳು ಮೆತ್ತಗೆ, ಸ್ವಲ್ಪ ಹುಳಿ ಉಂಟು. ಘಮ ಎಷ್ಟು ಅಂದರೆ ಒಂದು ಟ್ರೇ ಕಾರಿನಲ್ಲಿಟ್ಟರೆ ಎರಡು ದಿನ ಕಾರಿಂದ ಹೋಗುವುದಿಲ್ಲ. ಅದೇ ಬೋವೆನ್ ಊರಿನ ಸಂಶೋಧನಾ ತೋಟದಲ್ಲಿ ಹುಟ್ಟಿದ ಆರ್‌2ಇ2 ಅಂತ ಇನ್ನೊಂದಿದೆ. ತೋಟದಲ್ಲಿ ಗಿಡ ಇದ್ದ ಜಾಗದ ಗುರುತೇ ಹೆಸರಾಗಿ ಉಳಿಯಿತು. ಬಹಳ ದೊಡ್ಡ ಹಣ್ಣು, ಗಟ್ಟಿ, ಸಿಹಿ ಸೌಮ್ಯ. ಮಕ್ಕಳಿಗೆ ಅದೇ ಇಷ್ಟ, ನನಗೆ ಬೋವೆನ್.

ಪರಿಮಳ_ಪರೀಕ್ಷಕಿ
ಕೆನ್ಸಿಂಗ್ಟನ್ ಪ್ರೈಡಿನಲ್ಲಿ ಮುಂದಿರುವುದು ಟರ್ಪಿನೊಲೀನ್. ನೋಡಿ, ಅಲ್ಲೂ ಟರ್ಪೀನೇ!

ಶ್ರೀನಿವಾಸಪುರ_ತೋಟ
ನಾನು ಮಾವು ಬೆಳೆಯುವವನು. ಒಂದು ವಿಷಯ ಕೇಳಬೇಕಿತ್ತು. ಎರಡು ಲಕ್ಷ ರೂಪಾಯಿ ಕಿಲೋ ಅಂತ ಜಪಾನಿನ ಮಿಯಾಝಾಕಿ ಮಾವಿನ ಸುದ್ದಿ ಓದುತ್ತೇವಲ್ಲ, ಅದು ನಿಜವಾಗಿ ಅಷ್ಟು ರುಚಿಯಾ? ನಮ್ಮ ಊರಿನಲ್ಲಿ ಒಬ್ಬರು ಒಂದು ಸಸಿಗೆ ಸಾವಿರಾರು ರೂಪಾಯಿ ಕೊಟ್ಟು ತಂದಿದ್ದಾರೆ. ನನಗೆ ಮನಸ್ಸು ತಡೆಯುತ್ತಿಲ್ಲ.

ಒಸಾಕಾ_ತುಮಕೂರು
ಅಣ್ಣಾ, ದಯವಿಟ್ಟು ಆತುರ ಬೇಡ. ಮಿಯಾಝಾಕಿ ಎಂಬುದು ತಳಿಯ ಹೆಸರಲ್ಲ, ಜಪಾನಿನ ಒಂದು ಪ್ರಾಂತ್ಯದ ಹೆಸರು. ಅಲ್ಲಿ ಬೆಳೆಯುವ ತಳಿ ಇರ್ವಿನ್. ಅದೂ ಫ್ಲಾರಿಡಾದಲ್ಲಿ ಹುಟ್ಟಿದ ಕೆಂಪು ಮಾವು! ಮೇಲೆ ಹೇಳಿದ ಹೇಡನ್ನಿನ ವಂಶವೇ. ತೈವಾನಿನಲ್ಲೂ ಇರ್ವಿನ್ ಮನೆಮಾತು, ಅಲ್ಲಿ ಬೆಲೆ ಇಷ್ಟಿಲ್ಲ.

ಲಕ್ಷದ ಸುದ್ದಿ ಬರುವುದು ವರ್ಷದ ಮೊದಲ ಹರಾಜಿನಿಂದ. 2019ರಲ್ಲಿ ಒಂದು ಜೊತೆ ಹಣ್ಣು 5 ಲಕ್ಷ ಯೆನ್‌ಗೆ ಹೋಯಿತು. ಅದು ಪ್ರತಿಷ್ಠೆಯ ದರ. ಅಂಗಡಿಯಲ್ಲಿ ದಿನಾ ಆ ದರ ಇರುವುದಿಲ್ಲ.

ರುಚಿ? ಒಮ್ಮೆ ಆಫೀಸಿನಲ್ಲಿ ಉಡುಗೊರೆ ಬಂದಾಗ ತಿಂದಿದ್ದೇನೆ. ಬಹಳ ಚೆನ್ನಾಗಿತ್ತು. ಅದಕ್ಕೆ ಕಾರಣ ಅವರ ಆರೈಕೆ ಅಂತ ನನ್ನ ನಂಬಿಕೆ. ಪ್ಲಾಸ್ಟಿಕ್ ಮನೆಯೊಳಗೆ ಬೆಳೆಯುತ್ತಾರೆ. ಪ್ರತಿ ಹಣ್ಣಿಗೂ ಒಂದು ಬಲೆ ಚೀಲ ಕಟ್ಟುತ್ತಾರೆ. ಹಣ್ಣು ಮರದಲ್ಲೇ ಪೂರ್ತಿ ಮಾಗಿ ತಾನಾಗಿ ಕಳಚಿ ಬಲೆಗೆ ಬೀಳಬೇಕು, ಯಾರೂ ಕೀಳುವುದಿಲ್ಲ. ಅದರಲ್ಲೂ 350 ಗ್ರಾಂ ಮೀರಿದ, ಸಕ್ಕರೆ ಅಂಶ ಶೇಕಡಾ 15 ದಾಟಿದ, ಬಣ್ಣ ಸರಿಯಿರುವ ಹಣ್ಣಿಗೆ ಮಾತ್ರ "ಸೂರ್ಯನ ಮೊಟ್ಟೆ" ಎಂಬ ಹೆಸರು ಸಿಗುತ್ತದೆ. ಸಸಿ ತಂದು ನೆಟ್ಟರೆ ಆ ದರ ಜೊತೆಗೆ ಬರುವುದಿಲ್ಲ.

ಶ್ರೀನಿವಾಸಪುರ_ತೋಟ
ಬಹಳ ಉಪಕಾರ ಆಯಿತು. ನನ್ನ ದುಡ್ಡು ಉಳಿಯಿತು.

ಆದರೆ ಮರದಲ್ಲೇ ಮಾಗಬೇಕು ಅನ್ನುವುದನ್ನು ಎಲ್ಲ ತಳಿಗೂ ಹೇಳಬೇಡಿ. ನಮ್ಮ ಬಾದಾಮಿಯನ್ನು ಹಾಗೆ ಬಿಟ್ಟರೆ ಒಳಗೆ ಕೆಡುತ್ತದೆ. ಹೊರಗಿಂದ ಬಂಗಾರದಂಥ ಹಣ್ಣು. ಕೊಯ್ದರೆ ಓಟೆಯ ಸುತ್ತ ಬಿಳಿ ಬೆಂಡಿನ ಹಾಗೆ ತಿರುಳು, ಬಾಯಿಗಿಟ್ಟರೆ ಹುಳಿ, ಒಂಥರಾ ಕೆಟ್ಟ ವಾಸನೆ. ಹೊರಗಿಂದ ಎಷ್ಟು ನೋಡಿದರೂ ಗೊತ್ತಾಗುವುದಿಲ್ಲ. ಗಿರಾಕಿ ಮನೆಗೆ ಹೋಗಿ ಕೊಯ್ದ ಮೇಲೆ ನಮಗೆ ಬೈಗುಳ. ಅದಕ್ಕೆ ನಾವು ಬಲಿತ ಕಾಯಿಯನ್ನೇ ಕೀಳುವುದು. ಭುಜ ಉಬ್ಬಿರಬೇಕು, ತೊಟ್ಟು ಗುಂಡಿಗೆ ಇಳಿದಿರಬೇಕು. ಅದಕ್ಕಿಂತ ಮೊದಲು ಕಿತ್ತರೆ ಬಣ್ಣ ಬರುತ್ತದೆ, ರುಚಿ ಬರುವುದಿಲ್ಲ. ಎಳೆಕಾಯಿ ಕಿತ್ತು ಕಾರ್ಬೈಡ್ ಹಾಕುವವರಿಂದಲೇ ಮಾವಿನ ಮರ್ಯಾದೆ ಹೋಗಿದ್ದು. ಅದು ಕಾನೂನಿನಲ್ಲಿ ನಿಷೇಧ, ಆದರೂ ನಿಂತಿಲ್ಲ. ನನಗೆ ಇದರಷ್ಟು ನೋವು ಕೊಡುವ ವಿಷಯ ಇನ್ನೊಂದಿಲ್ಲ.

ರುಚಿಯೂ ಬೇಕು, ಒಳಗೆ ಕೆಡಲೂ ಬಾರದು ಅನ್ನುವವರು ಮಲ್ಲಿಕಾ ತಿಂದು ನೋಡಿ. ನೀಲಂ ಮತ್ತು ದಶೇರಿ ಸೇರಿಸಿ ದೆಹಲಿಯಲ್ಲಿ ಮಾಡಿದ ತಳಿ, ನಮ್ಮ ಮಣ್ಣಿಗೆ ಚೆನ್ನಾಗಿ ಹೊಂದಿದೆ.

ರಸಪುರಿ_ಪ್ರೇಮಿ
ಮಲ್ಲಿಕಾ ಒಪ್ಪಿದೆ. ಆದರೆ ರಸಪುರಿಯ ನಂತರ.

ಅಂಕೋಲಾ_ಕಡಲು
ಯಾರೂ ನಮ್ಮ ಅಂಕೋಲಾದ ಮಾವು ಕರಿ ಈಶಾಡದ ಹೆಸರೇ ಎತ್ತಲಿಲ್ಲವಲ್ಲ! 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಒಮ್ಮೆ ತಿನ್ನಿ, ಆಮೇಲೆ ವಾದ ಮಾಡಿ.

ಬ್ಯಾಂಕಾಕ್_ಉಡುಪಿ
ಥಾಯ್ ಜನರನ್ನು ನೋಡಿ ನಾನು ಒಂದು ಕಲಿತೆ. ಅವರಿಗೆ ಕಾಯಿ ಬೇರೆ ತಳಿ, ಹಣ್ಣು ಬೇರೆ ತಳಿ. ನಾಮ್ ದೊಕ್ ಮಾಯ್ ಹಣ್ಣಿಗೆ. ಉದ್ದಕ್ಕೆ, ಹಳದಿಗೆ, ನಾರೇ ಇಲ್ಲ, ಹೂವಿನಂಥ ನವಿರಾದ ಪರಿಮಳ. ಅಂಟು ಅಕ್ಕಿಯ ಅನ್ನಕ್ಕೆ ತೆಂಗಿನ ಹಾಲು, ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಇದರ ಹೋಳಿನ ಜೊತೆ ತಿನ್ನುತ್ತಾರೆ. ಖಿಯಾವ್ ಸವೋಯ್ ಎಂಬ ಇನ್ನೊಂದು ಕಾಯಿಯಾಗಿಯೇ ತಿನ್ನಲು. ಕಡು ಹಸಿರು, ಗರಿಗರಿ, ಹುಳಿ ಕಡಿಮೆ. ಉಪ್ಪು, ಸಕ್ಕರೆ, ಖಾರದ ಪುಡಿ ಬೆರೆಸಿದ್ದಕ್ಕೆ ಅದ್ದಿ ತಿನ್ನುವುದು. ಮೊದಲ ಸಲ ತಿಂದಾಗ ಶಾಲೆಯ ಗೇಟಿನ ಹೊರಗೆ ಕಾಗದದಲ್ಲಿ ಕೊಡುತ್ತಿದ್ದ ಗಿಣಿಮೂತಿ ಹೋಳು ನೆನಪಾಗಿ ಕಣ್ಣಲ್ಲಿ ನೀರು ಬಂತು.

ನ್ಯೂಜೆರ್ಸಿ_ದಾವಣಗೆರೆ
ಅಮೆರಿಕದ ಹಣ್ಣಿಗೆ ರುಚಿ ಇಲ್ಲದಿರಲು ಇನ್ನೊಂದು ಕಾರಣ ಇದೆ. ಮೆಕ್ಸಿಕೊ, ಬ್ರೆಜಿಲ್ ಕಡೆಯಿಂದ ಬರುವ ಕಾಯಿಯನ್ನು ಹಣ್ಣುನೊಣದ ಹುಳು ಸಾಯಲಿ ಅಂತ 46 ಡಿಗ್ರಿ ಬಿಸಿನೀರಿನಲ್ಲಿ ಗಾತ್ರ ನೋಡಿ 65ರಿಂದ 110 ನಿಮಿಷ ಮುಳುಗಿಸುತ್ತಾರೆ. ಅದಕ್ಕೆ ತಡೆಯಬೇಕೆಂದರೆ ಕಾಯಿ ಗಟ್ಟಿಯೇ ಇರಬೇಕು. ಆಮೇಲೆ ತಣ್ಣನೆ ಲಾರಿ. ಇಷ್ಟಾದ ಮೇಲೆ ಹಣ್ಣಿನಲ್ಲಿ ಏನು ಉಳಿಯುತ್ತದೆ?

ಭಾರತದ ಹಣ್ಣಿಗೆ ಬೇರೆ ದಾರಿ. ಇಲ್ಲಿಗೆ 1989ರಿಂದ ಬರುತ್ತಲೇ ಇರಲಿಲ್ಲ. 2007ರಲ್ಲಿ ವಿಕಿರಣ ಹಾಯಿಸಿ ಕಳಿಸುವ ಒಪ್ಪಂದ ಆದ ಮೇಲೆ ಶುರುವಾಯಿತು. ಹತ್ತು ಹಣ್ಣಿನ ಬಾಕ್ಸಿಗೆ ನಾನು ಹೋದ ವಾರ 45 ಡಾಲರ್ ಕೊಟ್ಟೆ. ವಿಮಾನದ ಖರ್ಚೇ ಜಾಸ್ತಿ.

ಬೆಂಗಳೂರು_ಬಸವನಗುಡಿ
ವಿಕಿರಣ ಹಾಯಿಸಿದ್ದನ್ನು ತಿನ್ನಬಹುದಾ? ಭಯ ಆಗುವುದಿಲ್ಲವೇ?

ಪರಿಮಳ_ಪರೀಕ್ಷಕಿ
ಹಣ್ಣಿನಲ್ಲಿ ವಿಕಿರಣ ಉಳಿಯುವುದಿಲ್ಲ. ಓಟೆಯೊಳಗಿನ ಹುಳುವಿಗೆ ಸಂತಾನ ಆಗದ ಹಾಗೆ ಮಾಡಲು ಬೇಕಾದಷ್ಟು ಮಾತ್ರ ಹಾಯಿಸುತ್ತಾರೆ. ಧೈರ್ಯವಾಗಿ ತಿನ್ನಿ. ನ್ಯೂಜೆರ್ಸಿಯವರ ಮಾತಿಗೆ ಒಂದು ತಿದ್ದುಪಡಿ: ಕಾಯಿ ಬಲಿತಿದ್ದರೆ ಬಿಸಿನೀರಿನಿಂದ ಅಷ್ಟು ನಷ್ಟ ಇಲ್ಲ. ಅಟೌಲ್ಫೊ ಕೂಡ ಅದೇ ಬಿಸಿನೀರು ದಾಟಿ ಬಂದದ್ದು, ಶಿರಸಿಯ ಅಮ್ಮ ಮೂರು ತಿಂದರಲ್ಲ. ಎಳೆಕಾಯಿ ಕಿತ್ತದ್ದೇ ಮೊದಲ ತಪ್ಪು. ಎರಡನೇ ತಪ್ಪು ನಾವು ಮನೆಯಲ್ಲಿ ಮಾಡುವುದು, ಗಟ್ಟಿ ಕಾಯಿಯನ್ನು ಫ್ರಿಜ್ಜಿನಲ್ಲಿಡುವುದು. 12 ಡಿಗ್ರಿಗಿಂತ ಕೆಳಗೆ ಹೋದರೆ ಮಾವಿಗೆ ಶೀತ ಹೊಡೆಯುತ್ತದೆ, ಆಮೇಲೆ ಸರಿಯಾಗಿ ಹಣ್ಣಾಗುವುದೇ ಇಲ್ಲ. ಪೂರ್ತಿ ಹಣ್ಣಾದ ಮೇಲೆ ಒಂದೆರಡು ದಿನ ಇಟ್ಟರೆ ಚಿಂತೆ ಇಲ್ಲ.

ಬ್ರಿಸ್ಬೇನ್_ಹಾಸನ
ಈ ಫ್ರಿಜ್ಜಿನ ವಿಷಯ ನನ್ನ ಯಜಮಾನರಿಗೆ ತೋರಿಸಿದೆ. ಹತ್ತು ವರ್ಷದ ವಾದ ಇವತ್ತು ಮುಗಿಯಿತು!

ಟೆಕ್ಸಸ್_ಹಿತ್ತಲು
ಹೂಸ್ಟನ್ನಿನಿಂದ ಬರೆಯುತ್ತಿದ್ದೇನೆ. ಅಟೌಲ್ಫೊ ಓಟೆ ಬಿಡಿಸಿ ಒಳಗಿನ ಬೀಜ ನೆಟ್ಟೆ. ಒಂದೇ ಬೀಜದಿಂದ ಮೂರು ಮೊಳಕೆ ಬಂದಿವೆ. ಬೀಜ ಕೆಟ್ಟಿದೆಯಾ?

ಕಸಿ_ಗಿಡ
ಕೆಟ್ಟಿಲ್ಲ, ಅದೇ ಅದರ ಗುಣ. ಫಿಲಿಪೀನ್ಸ್, ಥಾಯ್ಲೆಂಡ್ ಕಡೆಯ ಹೆಚ್ಚಿನ ಮಾವಿನಲ್ಲಿ ಒಂದು ಓಟೆಯಿಂದ ಹಲವು ಮೊಳಕೆ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿ ಮರದ ಪಡಿಯಚ್ಚು. ಹಾಗಾಗಿ ಓಟೆ ನೆಟ್ಟರೂ ಅದೇ ರುಚಿ. ನಮ್ಮ ಆಪೂಸ್, ರಸಪುರಿ, ಮಲಗೋವಾ ಒಂದೇ ಮೊಳಕೆಯವು. ಅದರಲ್ಲಿ ಅಪ್ಪನ ಗುಣವೂ ಸೇರುತ್ತದೆ, ಏನು ಬರುತ್ತದೋ ಹೇಳಲಾಗದು. ಅದಕ್ಕೇ ಕಸಿ ಬೇಕು. ನಮ್ಮ ಪಶ್ಚಿಮ ಕರಾವಳಿಯಲ್ಲೂ ಬಪ್ಪಕಾಯಿ, ಒಲೂರ್, ಕುರುಕ್ಕನ್ ಹೀಗೆ ಹಲವು ಮೊಳಕೆಯ ಮಾವು ಇವೆ. ಮೂರರಲ್ಲಿ ಗಟ್ಟಿಯಾಗಿ ಬೆಳೆಯುವ ಒಂದನ್ನು ಉಳಿಸಿಕೊಳ್ಳಿ.

ಟ್ರಿನಿಡಾಡ್_ಬೆಳಗಾವಿ
ಇಲ್ಲಿ ಜೂಲಿ ಅಂತ ಹಣ್ಣು. ಚಪ್ಪಟೆ, ಸಣ್ಣದು, ರುಚಿ ಗಾಢ. ಕಾಯಿಗೆ ಉಪ್ಪು, ಬೆಳ್ಳುಳ್ಳಿ, ಕೊತ್ತಂಬರಿ ಜಾತಿಯ ಒಂದು ಸೊಪ್ಪು, ಮೆಣಸಿನಕಾಯಿ ಹಾಕಿ ಕಲಸಿ "ಚೌ" ಮಾಡುತ್ತಾರೆ. ನನ್ನ ತಾಯಿ ಮಾಡುತ್ತಿದ್ದ ಮಾವಿನಕಾಯಿ ಕೋಸಂಬರಿಯ ದೂರದ ತಂಗಿ.

ಶಿರಸಿಯ_ಮಗಳು (ಡಲ್ಲಾಸ್)
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾನು ಇಷ್ಟು ನಿರೀಕ್ಷೆ ಮಾಡಿರಲಿಲ್ಲ. ಸಾಗರದವರ ಮಾತು ಅಮ್ಮನಿಗೆ ನಾಟಿತು. ಉಳಿದ ನಾಲ್ಕು ಕೆಂಪು ಹಣ್ಣು ಎಸೆಯಲು ಹೊರಟಿದ್ದೆ. "ತಡಿ, ಸಾಸಿವೆ ಮಾಡಿ ನೋಡೋಣ" ಅಂದರು. ಸಿಪ್ಪೆ ತೆಗೆದು ಕೈಯಲ್ಲೇ ಕಿವುಚಿದರು. ಕಾಯಿತುರಿ, ಸಾಸಿವೆ, ಒಣಮೆಣಸು ರುಬ್ಬಿ ಹಾಕಿದರು. ಬೆಲ್ಲ, ಉಪ್ಪು, ಹುಳಿ ಸಾಲದೆ ಒಂದು ನಿಂಬೆ. ಸಾಸಿವೆಯ ಖಾರದ ಜೊತೆ ಆ ವಾಸನೆ ಬೇರೆಯೇ ಆಯಿತು. ಕಾಟು ಮಾವಿನ ಹತ್ತಿರ ಹತ್ತಿರ ಬಂತು.

ದುಬೈ_ಪುತ್ತೂರು
ಓಟೆ ಹಾಗೇ ಬಿಟ್ಟಿರಾ, ತೆಗೆದಿರಾ?

ಶಿರಸಿಯ_ಮಗಳು (ಡಲ್ಲಾಸ್)
ಬಿಟ್ಟೆವು. ಅಮ್ಮ ಈಗ ಅದನ್ನೇ ಚೀಪುತ್ತಾ ಕೂತಿದ್ದಾರೆ. ನಾಳೆ ಇನ್ನೂ ನಾಲ್ಕು ಕೆಂಪು ಹಣ್ಣು ತರಬೇಕಂತೆ.